ಆರು ನಿಮಿಷದ ನಡಿಗೆ

“ಅಲ್ಲಮ್ಮಾ, ಹೊಸಬರಾದ್ರೆ ಸರಿ, ಹತ್ತು ವರ್ಷದಿಂದ ಈ ಟೆಸ್ಟ್ ಮಾಡ್ತಿರೋಳು ನೀನು. ಪೇಷಂಟ್ ಪಕ್ಕದಲ್ಲಿ ನಡೀತಾರಾ?”

ಡಾಕ್ಟರು ಕೇಳಿದಾಗ ಟೆಕ್ನಿಷಿಯನ್ ನೆಲ ನೋಡಿದಳು. ಆರು ನಿಮಿಷ ರೋಗಿ ತನ್ನದೇ ವೇಗದಲ್ಲಿ ಕಾರಿಡಾರಿನಲ್ಲಿ ಹೋಗಿ ಬರಬೇಕು, ಅವಳು ಗೆರೆಯ ಬಳಿ ಗಡಿಯಾರ ಹಿಡಿದು ನಿಲ್ಲಬೇಕು. ಪಕ್ಕದಲ್ಲಿ ಯಾರಾದರೂ ನಡೆದರೆ ರೋಗಿ ಅವರ ಹೆಜ್ಜೆಗೇ ಹೆಜ್ಜೆ ಹಾಕುತ್ತಾನೆ, ಅಳತೆ ಕೆಡುತ್ತದೆ. ಇದನ್ನು ಹೊಸಬರಿಗೆ ಹೇಳಿಕೊಡುವವಳೇ ಅವಳು.

“ಅವರು ಏನೋ ಕೇಳಿದ್ರು ಸರ್. ಉತ್ತರ ಹೇಳ್ತಾ ಹೇಳ್ತಾ ಕಾಲು ತಾನಾಗೇ ಹೋಯ್ತು.”

“ಕಾಲಷ್ಟೇನಾ?”

ನಲವತ್ತು ದಾಟಿದ ಅವಳ ಕಿವಿ ಕೆಂಪಾಯಿತು. “ಇಲ್ಲ ಸರ್.”

ಡಾಕ್ಟರು ಕನ್ನಡಕ ತೆಗೆದರು. ಅಂಗಡಿ ಬೋರ್ಡು ಬರೆಯುವ ಆ ರೋಗಿಯ ಶ್ವಾಸಕೋಶದ ಒಂದು ಭಾಗ ಎಂಫಿಸೀಮಾ ಎಂಬ ಕಾಯಿಲೆಯಿಂದ ಸಡಿಲಾಗಿ, ಒಳಹೋದ ಗಾಳಿಯನ್ನು ಬಿಡದೆ ಉಬ್ಬಿಕೊಂಡಿತ್ತು. ಬಾಯಿಯಿಂದ ನಳಿಕೆ ಇಳಿಸಿ, ಎಲ್ಲೂ ಕೊಯ್ಯದೆ, ಆ ಭಾಗದ ದಾರಿಗೆ ಪುಟ್ಟ ವಾಲ್ವ್‌ಗಳನ್ನು ಕೂರಿಸಬೇಕು. ಗಾಳಿ ಹೊರಬರಬಹುದು, ಒಳಹೋಗಲಾರದು. ಕೆಟ್ಟ ಭಾಗ ಕುಗ್ಗಿದರೆ ಒಳ್ಳೆಯ ಭಾಗಕ್ಕೆ ಜಾಗ ಸಿಗುತ್ತದೆ. ಆದರೆ ಎಲ್ಲರಿಗೂ ಇದು ಹೊಂದದು. ನಡಿಗೆ ತೀರಾ ಕಡಿಮೆಯಾದರೆ ಅವನ ಹೆಸರು ಪಟ್ಟಿಯಿಂದ ಹೊರಗೆ.

“ನಾಳೆ ಇನ್ನೊಬ್ರು ಮಾಡ್ಲಿ. ಅವರ ಫೈಲ್ ಇನ್ಮೇಲೆ ನಿನ್ನ ಕೈಗಿಲ್ಲ.”

ಹೊರಗೆ ಬೆಂಚಿನ ಮೇಲೆ ಅವನು ಕಾಯುತ್ತಿದ್ದ. ಉಗುರಿನ ಅಂಚಿನಲ್ಲಿ ಹಳೆಯ ನೀಲಿ ಬಣ್ಣ.

“ಬೈದ್ರಾ ಮೇಡಂ?”

“ನಾಳೆ ಬೇರೆಯವರು ಬರ್ತಾರೆ. ನನ್ನ ಹುಡುಕ್ತಾ ನಿಲ್ಬೇಡಿ, ಮುಂದೆ ನೋಡ್ಕೊಂಡು ನಡೀರಿ.”

“ನೋಡೋಕೂ... ಬರಲ್ವಾ?”

“ಬಾಗಿಲ ಸಂದೀಲಿ ನೋಡೋಕೆ ಯಾರ ಪರ್ಮಿಷನ್ ಬೇಕು?”

ಮರುದಿನ ಹಾಗೇ ನೋಡಿದಳು. ಎರಡು ಸಲ ಅವನು ಗೋಡೆಗೆ ಒರಗಿ ನಿಂತ. ಅವಳ ಕಾಲು ಹೊಸ್ತಿಲ ತನಕ ಹೋಯಿತು, ದಾಟಲಿಲ್ಲ. ಇನ್ನೂರ ಹದಿನಾಲ್ಕು ಮೀಟರ್. ಪಟ್ಟಿಯಲ್ಲಿ ಉಳಿಯಲು ಅಷ್ಟು ಸಾಕಿತ್ತು.

ವಾಲ್ವ್ ಕೂರಿಸಿದ ಮೂರನೆಯ ದಿನ, ಭೇಟಿಯ ಹೊತ್ತಿಗೆ, ಬಿಳಿ ಕೋಟು ಕಳಚಿಟ್ಟು ಎಲ್ಲರಂತೆ ಸಾಲಿನಲ್ಲಿ ನಿಂತು ಅವಳು ವಾರ್ಡಿಗೆ ಬಂದಳು. ಗಾಳಿ ಸೋರಿ ಇಡೀ ಶ್ವಾಸಕೋಶವೇ ಕುಸಿಯುವ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದ್ದರು.

“ಇವತ್ತು ಯಾವ ಟೆಸ್ಟು?”

“ಯಾವ್ದೂ ಇಲ್ಲ. ನಾನೀಗ ಬರೀ ವಿಸಿಟರ್.”

“ಹಾಗಾದ್ರೆ ಹೇಳಿಬಿಡ್ತೀನಿ. ಆವತ್ತು ನೀವು ಜೊತೇಲಿ ಬಂದಾಗ ಆ ಕಾರಿಡಾರ್ ಮುಗೀಲೇಬಾರ್ದು ಅನ್ನಿಸ್ತು. ಈಗ್ಲೂ ಅನ್ನಿಸ್ತಿದೆ. ನನ್ನ ಜೊತೆ ಇದ್ದುಬಿಡ್ತೀರಾ?”

ಮೊದಲೆಲ್ಲ ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದವನು ಇಷ್ಟುದ್ದದ ಮಾತಿಗೂ ಉಸಿರಿಗಾಗಿ ಒಂದೇ ಒಂದು ಸಲ ನಿಂತಿದ್ದ. ಜನರ ಉಸಿರು ಎಣಿಸುವುದೇ ಕೆಲಸವಾದ ಅವಳಿಗೆ ಪ್ರಶ್ನೆಗಿಂತ ಮೊದಲು ಅದು ತಿಳಿಯಿತು. ಕಣ್ಣು ತುಂಬಿತು.

“ಇದ್ದುಬಿಡ್ತೀನಿ. ಆದ್ರೆ ಈ ಮೇಡಂ ಗೀಡಂ ಎಲ್ಲಾ ಬಿಡ್ಬೇಕು.”

ಹೇಳುತ್ತಲೇ ಅವನ ಕೈ ಹಿಡಿದಳು. ಕ್ಲಿಪ್ ಜಾರಿ ಬಿತ್ತು, ಯಂತ್ರ ಕಿರುಚಿಕೊಂಡಿತು. ಓಡಿಬಂದ ನರ್ಸ್ ಇಬ್ಬರನ್ನೂ ಒಮ್ಮೆ ನೋಡಿದರು. ಕ್ಲಿಪ್ ಎತ್ತಿ ಅವನ ಇನ್ನೊಂದು ಕೈಗೆ ಹಾಕಿ ಹೋದರು.