ಸಕ್ಕರೆ, ಹಗ್ಗ ಮತ್ತು ಜುಲೇಖಾಬಿಯ ಮಗ್ಗ

ನವಲಗುಂದದಲ್ಲಿ ಕಳವು ಹೊಸದಲ್ಲ. ಪಂಪ್‌ಸೆಟ್ಟು ಹೋಗುತ್ತದೆ, ಕುರಿ ಹೋಗುತ್ತದೆ, ಒಣಹಾಕಿದ ಮೆಣಸಿನಕಾಯಿ ಹೋಗುತ್ತದೆ. ಆದರೆ ನಡುಹಗಲಲ್ಲಿ, ಕೀಲಿ ಹಾಕಿದ ಮನೆಯೊಳಗಿಂದ, ಆಳೆತ್ತರದ ಮಗ್ಗವನ್ನೇ ಎತ್ತಿಕೊಂಡು ಹೋದ ಕಳ್ಳನನ್ನು ಊರು ಕಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಶೈಲಾ ಆ ಮನೆಯ ಪಡಸಾಲೆಗೆ ಬಂದಾಗ ನೆಲದಲ್ಲಿ ಎರಡು ಕುಳಿ ಮಾತ್ರ ಉಳಿದಿದ್ದವು. ನೆಟ್ಟಿದ್ದ ಕಂಬಗಳಿಲ್ಲ, ದಪ್ಪನೆಯ ದಿಂಡುಗಳಿಲ್ಲ, ಅದರ ಮೇಲೆ ನೇಯುತ್ತಿದ್ದ ಜಮಖಾನವೂ ಇಲ್ಲ. ಬಾಗಿಲ ಕೀಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

ದೂರು ಕೊಟ್ಟವನು ಮನೆಯ ಮಗ ಮುಜಫರ್. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು. ಅವನ ತಾಯಿ ಜುಲೇಖಾಬಿ ಹೊಸ್ತಿಲಿಗೆ ಒರಗಿ ಕುಳಿತಿದ್ದಳು. ಆ ಮಗ್ಗದ ಮುಂದೆ ಕೂತೇ ಮುದುಕಿಯಾದವಳು. ಅವಳ ಕಣ್ಣು ಮಾತ್ರ ಒಣಗಿದ್ದವು.

“ಯಾವಾಗ ನೋಡಿದ್ರಿ, ಚಾಚಿ?” ಶೈಲಾ ಕೇಳಿದಳು.

“ನಿನ್ನಿ ಮಧ್ಯಾಹ್ನರಿ. ಮಗಾ ಸೊಸಿ ಯಮನೂರ ದರ್ಗಾಕ್ಕ ಹೋಗಿದ್ರು. ನಾ ಶಾರದವ್ವನ ಮನಿಗೆ ಚಾ ಕುಡ್ಯಾಕ ಹೋಗಿದ್ದೆ. ಬಂದು ನೋಡಿದ್ರ ಇಲ್ಲ.”

“ಕೀಲಿ ಹಾಕಿದ್ರೇನು?”

“ಹಾಕಿದ್ದೆ.” ಮುದುಕಿ ಒಂದು ಗಳಿಗೆ ತಡೆದಳು. “ಹಾಕಿದ್ದೆ ಅನಸ್ತೈತಿ.”

“ಇದು ದಾನೀಶನ ಕೆಲಸಾರಿ ಮೇಡಂ!” ಮುಜಫರ್ ಮುಂದೆ ಬಂದ. “ಹಳೇ ಕಂಬ, ಹಳೇ ಬಾಗಲಾ ತಗೊಂಡು ಗೋವಾದ ಹೋಟೆಲ್‌ನವರಿಗೆ ಮಾರ್ತಾನಲ್ರಿ, ಅವ. ಈ ಮಗ್ಗಾ ಕೊಡ್ರಿ ಅಂತ ಗಂಟಬಿದ್ದಿದ್ದ. ಅವನ್ನ ಹಿಡದು ಎಳಕೊಂಡು ಬರ್ರಿ.”

“ಏ ಮುಜಫರ್, ಸುಮ್ನಿರು.” ಜುಲೇಖಾಬಿ ತಟ್ಟನೆ ಎದ್ದು ನಿಂತಳು. “ಹೋದದ್ದು ಹೋತು. ಹಳೇ ಕಟಗಿ. ಪೋಲೀಸರ ತನಕಾ ಯಾಕ ಹೋಗಬೇಕಿತ್ತು ನೀನು?”

ಕಳಕೊಂಡವರು ಸುಮ್ಮನಿರು ಅನ್ನುವುದು, ಪಕ್ಕದಲ್ಲಿ ನಿಂತವರು ಎದೆ ಬಡಿದುಕೊಳ್ಳುವುದು ಲೋಕದಲ್ಲಿ ನಡೆಯುವ ಮಾತಲ್ಲ. ಶೈಲಾ ಬಗ್ಗಿ ಕುಳಿಯ ಬುಡ ನೋಡಿದಳು. ಕೆಂಪಿರುವೆಗಳ ಸಾಲು. ಒಂದು ಇರುವೆ ತನಗಿಂತ ದೊಡ್ಡ ಬಿಳಿ ಹರಳು ಹೊತ್ತು ಗೋಡೆಯತ್ತ ಹೊರಟಿತ್ತು. ಬುಡದಲ್ಲಿ ಉಳಿದಿದ್ದ ಒಂದು ಹರಳನ್ನು ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟುಕೊಂಡಳು. ಸಕ್ಕರೆ.

ಮೂಲೆಯಲ್ಲಿ ಓಣಿಯ ಬೆಕ್ಕೊಂದು ಹಸಿರು ನೈಲಾನ್ ಹಗ್ಗದ ತುಂಡನ್ನು ಎರಡೂ ಕಾಲಲ್ಲಿ ಹಿಡಿದು ನೆಕ್ಕುತ್ತಿತ್ತು. ಹವಾಲ್ದಾರ ಮಡಿವಾಳೆಪ್ಪ ಅದನ್ನು ಓಡಿಸಿ ಹಗ್ಗ ಎತ್ತಿಕೊಂಡ. ಬೆಕ್ಕು ಹೊರಗೆ ಹೋಗದೆ ಅವನ ಬೂಟಿನ ಸುತ್ತಲೇ ಸುತ್ತತೊಡಗಿತು.

“ಹಗ್ಗ ನಮ್ಮನಿದಲ್ರಿ,” ಎಂದಳು ಸೊಸೆ ನಾಜಮೀನ್.

“ಮತ್ತೇನೇನು ಹೋಗೇತಿ?”

“ಪಂಜಾನೂ ಹೋಗೇತ್ರಿ,” ಮುಜಫರ್ ಅಂದ. ಪಂಜಾ ಎಂದರೆ ನೂಲನ್ನು ಕೆಳಗೆ ಬಡಿದು ಕೂಡಿಸುವ ಕಬ್ಬಿಣದ ಹಣಿಗೆ. “ಅಮ್ಮಾ ಅದನ್ನ ತಲಿದಿಂಬಿನ ಕೆಳಗ ಇಟ್ಕೊಂಡ ಮಲಗೂದು.”

“ದಿಂಬಿನ ಬಾಜೂಕಿನ ಟ್ರಂಕು?” ಶೈಲಾ ಗೋಡೆ ಬದಿಯ ಹಾಸಿಗೆಯತ್ತ ಕೈ ಮಾಡಿದಳು.

“ಅದನ್ನ ಮುಟ್ಟಿಲ್ರಿ. ಬೆಳ್ಳಿ ಕಾಲ್ಗಡಗ ಅದರಾಗ ಅದಾವು.”

ಶೈಲಾ ಜುಲೇಖಾಬಿಯ ಮುಖ ನೋಡಿದಳು. ಜುಲೇಖಾಬಿ ಬೆಕ್ಕಿನ ಮುಖ ನೋಡುತ್ತಿದ್ದಳು.

* * *

ಮಧ್ಯಾಹ್ನದ ಹೊತ್ತಿಗೆ ದಾನೀಶನನ್ನು ಠಾಣೆಗೆ ಕರೆಸಿದ್ದಾಯಿತು. ಎತ್ತರದ ಹುಡುಗ. ಬೆರಳ ತುಂಬ ವಾರ್ನಿಶ್. ಅವನ ಹಿಂದೆಯೇ ಅವನ ತಾಯಿ ಜಮಾಲಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಂದಳು.

“ಮೇಡಂ ಅವರ, ಆದಿತವಾರ ನನ್ನ ಮಗನ ನಿಕಾ ಐತ್ರಿ. ಹುಡುಗಿ ಅಪ್ಪ ಅಗದಿ ಖಡಕ್ ಮನಷ್ಯಾ. ಕಳ್ಳತನದ ಕೇಸಂತ ಕಿವಿಗೆ ಬಿದ್ರ ಅಲ್ಲಿಗೇ ಮುರದ್ಹೋಗತೈತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳೂದು ಬ್ಯಾಡ್ರಿ. ಹೊರಗ ಕೂಡ್ರಿ.” ಶೈಲಾ ಹುಡುಗನತ್ತ ತಿರುಗಿದಳು. “ನಿನ್ನಿ ಮಧ್ಯಾಹ್ನ ಎಲ್ಲಿದ್ದೀ?”

“ಹುಬ್ಬಳ್ಳ್ಯಾಗಿದ್ದೆರಿ.”

“ಏನು ಕೆಲಸಕ್ಕ?”

ಹುಡುಗ ಬೆರಳಿನ ವಾರ್ನಿಶ್ ಕೆರೆದುಕೊಂಡ.

“ಯಾರ ಜೋಡಿ?”

ದಾನೀಶ್ ನೆಲ ನೋಡಿದ. ಮಡಿವಾಳೆಪ್ಪ ಮೀಸೆಯ ಮೇಲೆ ಕೈಯಾಡಿಸಿದ. “ಮೇಡಂ, ಇವನs ಕಳ್ಳ. ಇವನ ಗೋದಾಮಿನ್ಯಾಗ ಹಗ್ಗದ ರಾಶೀನ ಐತಿ. ಬಾಯಿ ಬಿಡ್ಸೂಣು?”

ಶೈಲಾ ಬಾಯಿ ಬಿಡಿಸಲಿಲ್ಲ. ಗೋದಾಮು ನೋಡಲು ಹೋದಳು. ಹಗ್ಗದ ರಾಶಿ ಇತ್ತು, ಆದರೆ ಎಲ್ಲವೂ ಹೊಟ್ಟು ಮೇವು ಕಟ್ಟುವ ಹಳದಿ ಹಗ್ಗ. ಮೂಸಿದರೆ ವಾರ್ನಿಶ್ ಮತ್ತು ಸಾಗವಾನಿ ಪುಡಿಯ ವಾಸನೆ. ಜೇಬಿನಿಂದ ಹಸಿರು ತುಂಡು ತೆಗೆದು ಮೂಸಿದಳು, ಮುಖ ಹಿಂಡಿದಳು. ಹಿಂದೊಮ್ಮೆ ಚುನಾವಣೆಯ ಬಂದೋಬಸ್ತಿಗೆ ಕಾರವಾರಕ್ಕೆ ಹೋದಾಗ ಅವಳನ್ನು ಬಂದರಿನಲ್ಲಿ ನಿಲ್ಲಿಸಿದ್ದರು. ಊರಿಗೆ ಬಂದ ಮೇಲೂ ಎಷ್ಟೋ ದಿನ ಯೂನಿಫಾರ್ಮಿನಿಂದ ಬಿಟ್ಟುಹೋಗದಿದ್ದ ವಾಸನೆ ಇದೇ. ಉಪ್ಪು ಮತ್ತು ಮೀನು. ಎಳೆಗಳ ನಡುವೆ ಹುರುಪೆಯೊಂದು ಮಿಣುಗುತ್ತಿತ್ತು.

“ಸಮುದ್ರದ ಹಗ್ಗ ಇದು,” ಎಂದಳು.

ಮಡಿವಾಳೆಪ್ಪ ನಕ್ಕ. “ಬೆಣ್ಣಿಹಳ್ಳ ಬಿಟ್ರ ನಮ್ಮೂರಾಗ ಯಾವ ಸಮುದ್ರ ಐತ್ರಿ ಮೇಡಂ?”

“ಅದನ್ನs ಹುಡುಕಬೇಕು.”

ದಾನೀಶ್ ಕೊನೆಗೆ ಬಾಯಿ ಬಿಟ್ಟ. ಅದೂ ಹವಾಲ್ದಾರನನ್ನು ಹೊರಗೆ ಕಳಿಸಿದ ಮೇಲೆ, ಕಿವಿ ಕೆಂಪಗೆ ಮಾಡಿಕೊಂಡು. ಅವನು ಹುಬ್ಬಳ್ಳಿಯಲ್ಲಿ ನಿಕಾ ಆಗಬೇಕಾದ ಹುಡುಗಿಯ ಜೊತೆ ಐಸ್‌ಕ್ರೀಮ್ ತಿನ್ನುತ್ತಿದ್ದ. “ಅವರಪ್ಪಗ ಗೊತ್ತಾದ್ರ ಕಳ್ಳತನಕ್ಕಿಂತ ದೊಡ್ಡ ಕೇಸ್ ಆಗತೈತ್ರಿ. ದಯವಿಟ್ಟು ಬರ್ಕೋಬ್ಯಾಡ್ರಿ.”

ಶೈಲಾ ನಗು ತಡೆದುಕೊಂಡು ಹುಡುಗಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು. ಬರೆದುಕೊಳ್ಳಲಿಲ್ಲ. ಆದರೆ ಹುಡುಗ ಪಾರಾಗಬೇಕಾದರೆ ನಿಜವಾದ ಕಳ್ಳ ಸಿಗಬೇಕು. ಅದೂ ಆದಿತವಾರದ ಒಳಗೆ. ಊರ ಬಾಯಿಗೆ ಆಗಲೇ ದಾನೀಶನ ಹೆಸರು ಸಿಕ್ಕಿತ್ತು. ಊರ ಬಾಯಿ ಮುಚ್ಚುವ ಮುಚ್ಚಳ ಯಾವ ಠಾಣೆಯಲ್ಲೂ ಇಲ್ಲ.

* * *

ಸಂಜೆ ಶಾರದವ್ವನ ಕಟ್ಟೆಯ ಮೇಲೆ ಕೂತು ಶೈಲಾ ಚಹಾ ಕುಡಿದಳು. ಶಾರದವ್ವ ಹಣೆಯ ತುಂಬ ವಿಭೂತಿ ಹಚ್ಚುವ, ಬಾಯಿ ತುಂಬ ಮಾತಾಡುವ ಹೆಂಗಸು. ನೆರೆಮನೆಯ ಜುಲೇಖಾಬಿಯೊಂದಿಗೆ ಅವಳದು ಸೊಸೆಯಾಗಿ ಬಂದ ದಿನದಿಂದಲೂ ಗೆಳೆತನ.

“ನಿನ್ನಿ ಬಂದಿದ್ಳೇನ್ರಿ?”

“ಬಂದಿದ್ಳವಾ. ಎಂದೂ ಒಂದ ಕಪ್ ಕುಡದು ಏಳಾಕಿ, ನಿನ್ನಿ ಏಳವೊಲ್ಳು. ನಾ ಅಂಗಳಕ್ಕ ಹೊಂಟ್ರೂ ಕೈ ಹಿಡದು ಕುಂಡ್ರಿಸಿಕೊಂಡ್ಳು.”

“ಜಮಖಾನಿ ಎಷ್ಟಾಗಿತ್ತು?”

“ಅರ್ಧಾ ಅಂತ ಹೇಳ್ತಿದ್ಳಪಾ. ಪೂರಾ ಆಗಿದ್ರ ನನಗ ಸಕ್ರಿ ಬರಬೇಕಿತ್ತಲ್ಲ! ಜಮಖಾನಿ ಇಳಿಸಿದ ದಿನಾ ಮಗ್ಗದ ಬುಡಕ್ಕ ಒಂದ ಚೂರು ಸಕ್ರಿ ಹಾಕಿ, ನನಗೊಂದ ಮುಟಗಿ ತಂದು ಕೊಡ್ತಾಳ. ಅವರ ಅತ್ತೀದೂ ಹಂಗs ಇತ್ತು.”

ಶೈಲಾ ಕಪ್ಪು ಕೆಳಗಿಟ್ಟಳು. ಇರುವೆಗಳ ಸಾಲು ಕಣ್ಣಿಗೆ ಕಟ್ಟಿತು.

ಎದ್ದು ಹೊರಟಾಗ ನಾಜಮೀನ್ ನೀರು ತುಂಬುತ್ತ ನಿಂತಿದ್ದಳು. ಸೊಸಾಯಿಟಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಶೈಲಾ ಸುಮ್ಮನೆ ಕೇಳಿದ ಹಾಗೆ ಕೇಳಿದಳು. “ನಿಮ್ಮ ಮಂದಿ ಸಮುದ್ರದ ದಂಡಿಗೆ ಯಾರರ ಅದಾರೇನು?”

“ನಮ್ಮ ನಾದಿನಿ ರೂಬಿನಾ ಅದಾಳಲ್ರಿ, ಮುಂಬೈದಾಗ. ಮುಂಬೈ ಅಂದ್ರ ಬಾಳ ದೊಡ್ಡದಂತಾರ, ಅವರದು ಒಂದ ಗಲ್ಲಿ ಅಷ್ಟರಿ. ಖಾರಿನೀರಿನ ದಂಡಿಗೆ, ಸಮುದ್ರದ ಉಪ್ಪುನೀರು ಒಳಗ ಬರ್ತೈತಲ್ಲ ಅಲ್ಲೆ, ನಮ್ಮೂರವರು, ಮೊರಬದವರು ಕೂಡಿ ಸಣ್ಣ ಸಣ್ಣ ಮನಿ ಮಾಡ್ಕೊಂಡಾರ. ನವಲಗುಂದ ಗಲ್ಲಿ ಅಂತಾರ ಅದಕ್ಕ. ಬಾಜೂಕ ಕೋಳಿ ಮಂದೀದು ಕೇರಿ, ಮೀನಾ ಹಿಡೀತಾರಲ್ಲ, ಅವರು. ಸುತ್ತಲೂ ಮುಗಿಲು ಮುಟ್ಟೂ ಬಿಲ್ಡಿಂಗು, ನಡಬರಕ ಇವೆರಡು ಕೇರಿ. ಒಬ್ಬರಿಗೊಬ್ಬರು ಆಗಿ ಇದ್ದಾರ.”

“ರೂಬಿನಾಗ ನೇಯಾಕ ಬರತೈತೇನು?”

ನಾಜಮೀನ್ ದನಿ ಇಳಿಸಿದಳು. “ಹೆಂಗ ಬರ್ತೈತ್ರಿ? ಕಲೀಬೇಕಂತ ಅಕಿಗೆ ಬಾಳ ಆಸೆ, ಆದ್ರ ನಮ್ಮಲ್ಲಿ ಮಗಳಿಗೆ ಕಲಸಂಗಿಲ್ಲ. ಕೊಟ್ಟ ಮನಿಗೆ ಕಸಬು ಹೋಗಿಬಿಡತೈತಿ ಅಂತ. ಸೊಸಿಗಷ್ಟ ಕಲಸೂದು. ನನಗ ಅತ್ತಿ ಕಲಸಾಕ ಬಂದ್ರು. ನನಗ ಆ ಸಹನೆ ಇಲ್ರಿ, ಸುಳ್ಳ್ಯಾಕ ಹೇಳಬೇಕು? ಅವರ ಕಣ್ಣೂ ಮಂಜಾಗ್ಯಾವು. ರಾತ್ರಿ ಒಬ್ಬರs ಮಗ್ಗದ ಮುಂದ ಕುಂತು, ಇದು ನನ್ನ ಜೋಡೀನ ಮಣ್ಣಿಗೆ ಹೋಗತೈತಿ ಅಂತ ಅಳೂದು ಕೇಳೇನಿ.”

ಮಗಳಿಗೆ ಬೇಕು, ಕೊಡುವಂತಿಲ್ಲ. ಸೊಸೆಗೆ ಕೊಡಬೇಕು, ಅವಳಿಗೆ ಬೇಡ. ಶೈಲಾಳಿಗೆ ಮುದುಕಿಯ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

* * *

ಶನಿವಾರ ಬೆಳಿಗ್ಗೆ ಆ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಮುಜಫರ್, ನಾಜಮೀನ್, ಶಾರದವ್ವ, ಜಮಾಲಬಿ, ದಾನೀಶ್. ಜುಲೇಖಾಬಿ ಗೋಡೆಗೆ ಆತು ಕುಳಿತಿದ್ದಳು. ಬೆಕ್ಕೂ ಬಂದಿತ್ತು.

“ಕಳ್ಳ ಸಿಕ್ಕಾನ,” ಶೈಲಾ ಹೇಳಿದಳು. “ಆದ್ರ ಮೊದಲ ಒಂದ ಫೋನ್ ಮಾಡೂದೈತಿ.”

ಸ್ಪೀಕರ್ ಹಾಕಿ ನಂಬರ್ ಒತ್ತಿದಳು. ಆ ಕಡೆ ಹೆಂಗಸಿನ ದನಿ. ಶೈಲಾ ಹೆಸರು ಹೇಳದೆ ನೇರ ಕೇಳಿದಳು. “ರೂಬಿನಾ, ನವಲಗುಂದದಿಂದ ಮಾತಾಡೂದು. ಮಗ್ಗಾ ಸುರಳೀತ ಮುಟ್ಟಿತೇನವಾ?”

“ಹ್ಞೂಂರಿ, ನಿನ್ನಿ ಮುಂಜಾನೆನ ಮುಟ್ಟೇತಿ. ಅಮ್ಮಾಗ ಹೇಳ್ರಿ, ಒಂದೂ ಬೆಣಿ ಮುರದಿಲ್ಲ… ಯಾರಿದು?”

ಪಡಸಾಲೆಯಲ್ಲಿದ್ದವರ ಮುಖವೆಲ್ಲ ಜುಲೇಖಾಬಿಯತ್ತ ತಿರುಗಿತು.

“ಕಳ್ಳ ಬೆಳ್ಳಿ ಬಿಟ್ಟು ದಿಂಬಿನ ಕೆಳಗಿನ ಕಬ್ಬಿಣ ಒಯ್ಯಂಗಿಲ್ಲ,” ಶೈಲಾ ಫೋನ್ ಇಟ್ಟು ಹೇಳಿದಳು. “ಪಂಜಾ ಇಲ್ಲದ ಮಗ್ಗಕ್ಕ ಬೆಲೆ ಇಲ್ಲ ಅಂತ ನೇಯಾಕಿಗಷ್ಟ ಗೊತ್ತು. ಹಳೇ ಕಟಗಿ ವ್ಯಾಪಾರಿಗೆ ಪಂಜಾ ಯಾಕ ಬೇಕು? ಎರಡನೇದು, ಬುಡಕ್ಕ ಸಕ್ರಿ ಇತ್ತು. ಅಂದ್ರ ಜಮಖಾನಿ ಪೂರಾ ಮುಗದು ಇಳದಿತ್ತು. ಅರ್ಧಾ ಆಗೇತಿ ಅಂತ ಚಾಚಿ ಸುಳ್ಳು ಹೇಳಿದ್ರು. ಮಗ್ಗ ಖಾಲಿ ಮಾಡಿ ಇಟ್ಟದ್ದು ಗೊತ್ತಾಗಬಾರದಿತ್ತು. ಅದಕ್ಕs ಶಾರದವ್ವಗ ಈ ಸಲ ಸಕ್ರಿ ಸಿಗಲಿಲ್ಲ.”

“ಅಯ್ಯ ನಮ್ಮವ್ವ!” ಅಂದಳು ಶಾರದವ್ವ.

“ಮೂರನೇದು ಹಗ್ಗ. ಅದನ್ನ ನಾ ಹಿಡದಿಲ್ಲ, ಬೆಕ್ಕು ಹಿಡದದ್ದು. ಮೀನಾ ಸಾಗಿಸೋ ಗಾಡಿ ಹಗ್ಗ ಅದು. ಕೋಳಿ ಕೇರಿಯವರ ಗಾಡಿ ಇಲ್ಲೀ ತನಕಾ ಬಂದಿತ್ತು, ಕೀಲಿ ಚಾಚೀನs ತಗದಿಟ್ಟಿದ್ರು. ಮಗಾ ಸೊಸಿ ಯಮನೂರಾಗ, ಓಣಿ ಮಂದಿ ಉಳ್ಳಾಗಡ್ಡಿ ಕೀಳಾಕ ಹೊಲದಾಗ. ಉಳದಾಕಿ ಶಾರದವ್ವ ಒಬ್ಬಾಕಿ. ಆಕೀನ್ನ ಚಾಚಿ ಕೈ ಹಿಡದು ಕುಂಡ್ರಿಸಿಕೊಂಡಿದ್ರು.” ಶೈಲಾ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಹೌದಿಲ್ರಿ ಚಾಚಿ?”

ಜುಲೇಖಾಬಿಯ ಒಣಗಿದ್ದ ಕಣ್ಣು ತುಂಬಿ ಬಂದವು.

“ನಮ್ಮತ್ತಿ ಸಾಯೂ ಮುಂದ ಮಗ್ಗದ ಮ್ಯಾಲೆ ನನ್ನ ಕೈ ಇಡಿಸಿ ಮಾತು ತಗೊಂಡಿದ್ಳು. ಮಗಳಿಗೆ ಕಲಸಂಗಿಲ್ಲ, ಮಗ್ಗಾ ಮಗಳ ಮನಿಗೆ ಕೊಡಂಗಿಲ್ಲ ಅಂತ. ಕೊಟ್ರ ಮಾತು ಮುರೀತೈತಿ. ಕೊಡದಿದ್ರ ಕೆಲಸ ಸಾಯತೈತಿ. ಕಳುವಾದ್ರ ಯಾರ ಮಾತೂ ಮುರದಂಗಾಗಲಿಲ್ಲಲ್ಲ ಅಂತ…”

“ಮತ್ತ ದಾನೀಶ?”

“ಕೇಸ್ ಆಗತೈತಿ ಅಂತ ಕನಸಿನ್ಯಾಗೂ ಅನ್ಕೊಂಡಿರಲಿಲ್ರಿ! ಹಳೇ ಕಟಗಿಗೆ ಯಾರು ಅಳ್ತಾರ ಅಂತ ತಿಳದಿದ್ದೆ. ಎರಡು ದಿನಾ ತುತ್ತು ಇಳದಿಲ್ಲ. ನಿಕಾ ಮುರೀತಂದ್ರ ಆ ಪಾಪಾ ನಾ ಎಲ್ಲಿ ತೊಳೀಲಿ? ಇವತ್ತ ನಾನs ಠಾಣೆಕ್ಕ ಬರಾಕಿದ್ದೆ.” ಅವಳು ಮಗನತ್ತ ನೋಡಿದಳು. “ಇವ ಮಗ್ಗದ ಕಡೆ ಎಂದೂ ತಿರುಗಿ ನೋಡಿದವನಲ್ಲ. ಪಡಸಾಲಿ ದೊಡ್ಡದಾತು ಅಂತ ಖುಷಿ ಪಡ್ತಾನ ಅನ್ಕೊಂಡಿದ್ದೆ.”

“ಅದರ ಸಪ್ಪಳಾ ಕೇಳ್ಕೊಂತ ಮಲಗಿ ಬೆಳದೇನಿ ಅಮ್ಮಾ ನಾನು,” ಮುಜಫರ್ ಅಂದ. “ಎರಡು ರಾತ್ರಿ ಆತು, ನಿದ್ದಿ ಬಂದಿಲ್ಲ. ನನಗೊಂದ ಮಾತು ಹೇಳಿದ್ರ ನಾನs ಗಾಡಿ ಮಾಡಿ ಕಳಸ್ತಿದ್ದೆ.”

ತಾಯಿ ಮಗನ ಕೈ ಹಿಡಿದುಕೊಂಡಳು. ಒಂದೇ ಸೂರಿನ ಕೆಳಗೆ ಇದ್ದವರು ಒಬ್ಬರ ಮನಸ್ಸು ಒಬ್ಬರು ಅರಿಯದೆ ಪೋಲೀಸರನ್ನು ಕರೆಸಿಕೊಂಡಿದ್ದರು.

ತನ್ನ ಮಗ್ಗ ತಾನೇ ಕಳಿಸಿದ್ದಕ್ಕೆ ಯಾವ ಕಾನೂನಿನಲ್ಲೂ ಕಳವು ಅನ್ನುವುದಿಲ್ಲ. ಮುಜಫರ್ ತಿಳಿಯದೆ ಕೊಟ್ಟ ದೂರು ವಾಪಸಾಯಿತು. ಶೈಲಾ ಏಳುವ ಮುನ್ನ ಗೋಡೆ ಪಕ್ಕದ ಕೌದಿಗಳ ಒಟ್ಟಿಲಿನಿಂದ ಇಣುಕುತ್ತಿದ್ದ ಕೆಂಪು ಅಂಚು ತೋರಿಸಿ, ಒಟ್ಟಿಲು ಇಳಿಸಲು ನಾಜಮೀನಳಿಗೆ ಹೇಳಿದಳು. ನಡುವೆ ಮಡಚಿಟ್ಟ ಹೊಸ ಜಮಖಾನ. ಕೆಂಪು ನೆಲ, ನಡುವೆ ಪಗಡೆ ಹಾಸು, ನಾಲ್ಕೂ ಮೂಲೆಗೆ ನವಿಲು.

ಜುಲೇಖಾಬಿ ಅದನ್ನು ಎರಡೂ ಕೈಯಲ್ಲಿ ಎತ್ತಿ ದಾನೀಶನ ಮಡಿಲಿಗೆ ಹಾಕಿದಳು. “ನಾಳಿ ಇದರ ಮ್ಯಾಲೆ ಕುಂತು ನಿಕಾ ಮಾಡ್ಕೊ, ಬೇಟಾ. ಕಳ್ಳ ಯಾರಂತ ಕೇಳಿದವರಿಗೆಲ್ಲಾ ನಾನs ನಿಂತು ಹೇಳ್ತೀನಿ.”

ಹೇಳಿದಳು ಕೂಡ. ನಿಕಾದ ಊಟದ ಹೊತ್ತಿಗೆ, ಹುಡುಗಿಯ ಖಡಕ್ ಅಪ್ಪನ ಎದುರಿಗೇ. ಅವನು ಹೊಟ್ಟೆ ಹಿಡಿದು ನಕ್ಕ. ಹುಡುಗಿಯ ಕಡೆಯವರು ಐಸ್‌ಕ್ರೀಮ್ ಹಂಚುವಾಗ ದಾನೀಶ್ ಶೈಲಾಳ ಕಣ್ಣು ತಪ್ಪಿಸಿದ.

* * *

ಸ್ವಲ್ಪ ದಿನಗಳ ಮೇಲೆ ಶೈಲಾ ಆ ಓಣಿಗೆ ಮತ್ತೆ ಬಂದಳು. ಈ ಸಲ ಕೆಲಸವೇನೂ ಇರಲಿಲ್ಲ. ಪಡಸಾಲೆಯ ಎರಡು ಕುಳಿಗಳ ನಡುವೆ ಮುಜಫರ್ ಕಟ್ಟಿಗೆಯ ಸ್ಟ್ಯಾಂಡು ಮಾಡಿ ದೊಡ್ಡ ಪರದೆಯ ಫೋನ್ ಕೂರಿಸಿದ್ದ. ಪರದೆಯಲ್ಲಿ ಖಾರಿನೀರಿನ ದಂಡೆಯ ಒಂದು ಶೆಡ್ಡು. ನವಲಗುಂದ ಗಲ್ಲಿಯ ಮನೆಗಳ ಮಾಡು ಮಗ್ಗಕ್ಕಿಂತ ತಗ್ಗಾಯಿತೆಂದು ಕೋಳಿ ಜನ ತಮ್ಮ ಬಲೆ ಇಡುವ ಶೆಡ್ಡನ್ನೇ ಬಿಟ್ಟುಕೊಟ್ಟಿದ್ದರು. ತೂಗುವ ಬಲೆಗಳ ನಡುವೆ ಮಗ್ಗ ನೆಟ್ಟಗೆ ನಿಂತಿತ್ತು. ಮುಂದೆ ರೂಬಿನಾ, ಅವಳ ಜೊತೆ ಗಲ್ಲಿಯ ಹೆಣ್ಣುಮಕ್ಕಳು.

“ಎಡಕ್ಕ ಅಲ್ಲಬೇ, ಬಲಕ್ಕ! ನವಲಿನ ಕುತ್ತಿಗಿ ಮುರೀತಿಯೇನು?” ಜುಲೇಖಾಬಿ ಫೋನಿಗೆ ಬೈಯುತ್ತಿದ್ದಳು.

“ಮಾತು ಮುರೀತಲ್ರಿ ಚಾಚಿ,” ಶೈಲಾ ಕೆಣಕಿದಳು.

“ಮುರೀಲಿ. ನಾಳಿ ಮ್ಯಾಲೆ ಹೋದಾಗ ನಮ್ಮತ್ತಿಗೆ ನಾ ಉತ್ತರಾ ಕೊಡ್ತೀನಿ.”

ಪಂಜಾದ ಸಪ್ಪಳ ಕೇಳಿ ಬಂತು. ಧಪ್, ಧಪ್. ಮುದುಕಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಮಂಜಾದ ಕಣ್ಣು ಮುಚ್ಚಿ ಕಿವಿಗೊಟ್ಟಳು.

“ಇದು ರೂಬಿನಾನ ಕೈ ಅಲ್ಲ. ಇಷ್ಟು ಬಿಗಿ ಯಾರು ಬಡ್ಯಾಕತ್ತಾರ?”

ಪರದೆಯ ಅಂಚಿನಿಂದ ಒಂದು ಕಪ್ಪು ಮುಖ ಇಣುಕಿ ನಕ್ಕಿತು. ಕೋಳಿ ಕೇರಿಯ ಹುಡುಗಿ. ಬಲೆ ಹೆಣೆದ ಬೆರಳು.

“ಅಮ್ಮಾ, ಇಕಿ ಸುಮ್ನ ನೋಡಾಕ ಬಂದಿದ್ಳು,” ರೂಬಿನಾ ಹೆದರುತ್ತ ಹೇಳಿದಳು. “ಏಳಸಲೇನು?”

ಜುಲೇಖಾಬಿ ಕಣ್ಣು ತೆರೆದಳು. ಎಷ್ಟೋ ವರ್ಷಗಳ ಭಾರ ಇಳಿದ ಹಾಗೆ ಅವಳ ಮುಖ ಅರಳಿತು.

“ಯಾಕ ಏಳಸ್ತಿ? ಕೂಡ್ಲಿ. ಅಕಿ ಮಗಳೂ ಅಲ್ಲ, ಸೊಸೀನೂ ಅಲ್ಲ. ಅಕಿಗೆ ಕಲಸಬ್ಯಾಡ ಅಂತ ನಮ್ಮತ್ತಿ ಎಂದೂ ಅಂದಿಲ್ಲ.”

ಶಾರದವ್ವ ಬಾಗಿಲಲ್ಲಿ ನಿಂತು ಕೈ ಚಾಚಿದಳು. “ಹಂಗಾರ ನನ್ನ ಸಕ್ರಿ ತಗದಿಡು.”