ತಾಳೆಯಾಗದ ಅತ್ತೆ

ಅರ್ಜಿ ಹಾಕಿದ್ದ ಸರ್ಕಾರಿ ಸೈಟು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಕರಿಬಸಮ್ಮ ಕಣ್ಣು ಮುಚ್ಚಿದ್ದು ಗುರುಮೂರ್ತಿಯ ಹೊಟ್ಟೆ ಉರಿಸಿತ್ತು. ಹಾಸಿಗೆ ಹಿಡಿದ ಸೋದರತ್ತೆಗೆ ಗಂಜಿ ಕುಡಿಸಿದವನು ಅವನು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅವಳ ಮಂಚ ಹೊತ್ತವನೂ ಅವನೇ. ಅರ್ಜಿ ಹಾಕಿದವರು ಸತ್ತರೆ ಸೈಟಿಲ್ಲವಂತೆ. ಯಾವ ಸೀಮೆಯ ನ್ಯಾಯ ಇದು!

ಸತ್ತವರನ್ನು ಹುಡುಕಿ ತೆಗೆಯುವ ಕಂಪ್ಯೂಟರು ತರೀಕೆರೆಯ ಕಚೇರಿಯಲ್ಲಿ ಅವನ ಕೈಯಲ್ಲೇ ಇತ್ತು. ಅದರಲ್ಲಿ ಅರ್ಜಿದಾರರ ಪಟ್ಟಿಯದೊಂದು ಟೇಬಲ್ಲು, ಸತ್ತವರದೊಂದು. ಆಧಾರ್ ನಂಬರು ಹಿಡಿದು ಎರಡನ್ನೂ ಜಾಯಿನ್ ಮಾಡಿದರೆ, ಎರಡರಲ್ಲೂ ಇರುವವರು ತೆರೆಯ ಮೇಲೆ ಬರುತ್ತಾರೆ; ಬಂದವರ ಸೈಟು ಹೋದಂತೆ. ಗುರುಮೂರ್ತಿ ಸತ್ತವರ ಟೇಬಲ್ಲಿನಿಂದ ಅತ್ತೆಯ ನಂಬರನ್ನಷ್ಟೇ ಅಳಿಸಿದ. ಖಾಲಿ ಜಾಗ ಯಾವುದಕ್ಕೂ ತಾಳೆಯಾಗುವುದಿಲ್ಲ. ಎರಡನ್ನೂ ಜಾಯಿನ್ ಮಾಡುವ ಕ್ವೆರಿ ಓಡಿಸಿದ. ಬಂದ ಹೆಸರುಗಳಲ್ಲಿ ಅತ್ತೆ ಇರಲಿಲ್ಲ. ನೀರು ಕುಡಿದು ಕೆಲಸ ಮುಂದುವರಿಸಿದ.

ಅಲ್ಲಿಂದ ಮುಂದೆ ಜೀಪಿನ ಸದ್ದಾದರೆ ಸಾಕು, ಕಿಟಕಿಯಲ್ಲಿ ಇಣುಕುತ್ತಿದ್ದ. ಕಡೂರಿನಿಂದ ಅಧಿಕಾರಿ ಸ್ಫೂರ್ತಿ ಮನೆಗೇ ಬಂದು ಅರ್ಜಿಯ ಫೋಟೋಗೂ ಅರ್ಜಿದಾರರ ಮುಖಕ್ಕೂ ಹೋಲಿಸಿ ನೋಡುವುದೊಂದು ಬಾಕಿ ಇತ್ತು. ಅದಕ್ಕೂ ದಾರಿ ಕಂಡುಕೊಂಡ. ತಾನಿದ್ದ ಅಜ್ಜಂಪುರದಲ್ಲೇ ಅತ್ತೆಯನ್ನು ಕಂಡವರಿಲ್ಲದ ಓಣಿಗೆ ಮನೆ ಬದಲಿಸಿದ. ಗೋಡೆಯಲ್ಲಿ ಹಾರ ಹಾಕಿದ್ದ ಅವಳ ಫೋಟೋವನ್ನು ಪೆಟ್ಟಿಗೆಯ ತಳ ಸೇರಿಸಿದ. ತನ್ನ ಅಕ್ಕ ಕರಿಬಸಮ್ಮನ ಪಡಿಯಚ್ಚಿನಂತಿದ್ದ ಚಿಕ್ಕತ್ತೆ ತೀರ್ಥಮ್ಮನನ್ನು ಚೌಳಹಿರಿಯೂರಿನಿಂದ ಕರೆತಂದ.

"ಸತ್ತ ಅಕ್ಕನ ಹೆಸ್ರು ಹೇಳ್ಕಂಡು ಕೂತ್ಕಬೇಕೇನೋ? ಎದೆ ಡವಡವ ಅಂತೈತೆ ಕಣೋ."

"ಬರೀ ಹೂಂ ಅನ್ನು ಅತ್ತೆ, ಸಾಕು. ನೀನು ಬಾಯಿ ಬಿಟ್ರೆ ನಾನು ಜೈಲಿಗೆ ಹೋಗ್ತೀನಿ."

ಸ್ಫೂರ್ತಿ ಬರುವ ದಿನ ಬೆಳಿಗ್ಗೆ ಚಿಕ್ಕತ್ತೆಯನ್ನು ಮಂಚದ ಮೇಲೆ ಕೂರಿಸಿ, ತಲೆಗೆ ಸೆರಗು ಹೊದಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಗುರುಮೂರ್ತಿ ಅವ್ರೇ, ನಿಮ್ಮ ಮನೆಗೆ ದಾರಿ ಕೇಳೋಣ ಅಂತ ಸರ್ಕಲ್ಲಲ್ಲಿ ಜೀಪ್ ನಿಲ್ಲಿಸಿದ್ವಿ," ಎಂದಳು ಸ್ಫೂರ್ತಿ. "ಇಲ್ಲಿ ಕಂಬಕ್ಕೆ ಫ್ಲೆಕ್ಸ್ ಕಟ್ಟಿದಾರಲ್ಲ, ಅರ್ಜೀಲಿರೋ ಫೋಟೋನೇ ಅಲ್ವೇನ್ರೀ ಇದು?" ಗುರುಮೂರ್ತಿ ಹಿಡಿದಿದ್ದ ಸೆರಗನ್ನು ಬಿಟ್ಟ. ಕರಿಬಸಮ್ಮ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ಅವಳು ತೀರಿಹೋದ ವಾರ, ಈ ಯೋಚನೆಯೇ ಹುಟ್ಟಿರದಿದ್ದಾಗ, ಊರೆಲ್ಲ ನೋಡಲಿ ಎಂದು ಅದನ್ನೇ ಆಳೆತ್ತರಕ್ಕೆ ಮಾಡಿಸಿ ಅವನೇ ಏಣಿ ಹತ್ತಿ ಕಟ್ಟಿದ್ದ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ ಕೆಂಪಕ್ಷರದಲ್ಲಿ 'ದುಃಖತಪ್ತ ಗುರುಮೂರ್ತಿ'. ಅದರಡಿಯಲ್ಲೇ ನಿಂತು ಅವನು ದಿನಾ ತರೀಕೆರೆಯ ಬಸ್ಸು ಹತ್ತುತ್ತಿದ್ದ.