ಅಮ್ಮ ಬರೆದ ಎರಡು ಸಾಲು

“ಎಲ್ಲರೂ ಇಲ್ಲಿ ನೋಡಿ! ನೊಯೆಮಿಯ ಅಮ್ಮ ಈ ವಾರ ಏನು ಬರ್ದಿದಾರೆ ಕೇಳಿ,” ಎಂದು ಬೆಸೆರಾ ಟೀಚರ್ ನೋಟ್‌ಬುಕ್ಕನ್ನು ಎತ್ತಿ ಹಿಡಿದರು.

ಕಾರ್ಪೆಟ್ ಮೇಲೆ ಕೂತಿದ್ದ ನೊಯೆಮಿ ತಲೆ ತಗ್ಗಿಸಿದಳು.

ಟೀಚರ್ ಓದಿದರು: “‘ಕತೆ ಚೆನ್ನಾಗಿತ್ತು. ಮೇಕೆ ಮೇಯರ್ ಟೋಪಿ ತಿಂದಾಗ ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು. ನಮ್ಮೂರಲ್ಲೂ ಇಂಥದೇ ಮೇಕೆ ಇತ್ತು.’ ನೋಡಿದ್ರಾ? ಮನೇಲಿ ಹೀಗೆ ಕೂತು ಓದ್ಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನೊಯೆಮಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಅದನ್ನು ಬರೆದದ್ದು ಅವಳ ಅಮ್ಮ ಅಲ್ಲ, ಅವಳೇ.

ಸಾಂತಾ ಮಾರಿಯಾದ ಆ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್. ಶುಕ್ರವಾರ ಬಂತೆಂದರೆ ಪ್ರತಿ ಮಗುವಿನ ಹೆಗಲಿಗೂ ಒಂದು ಬಟ್ಟೆಯ ಚೀಲ. ಅದರಲ್ಲಿ ಒಂದು ಸ್ಪ್ಯಾನಿಷ್ ಚಿತ್ರಪುಸ್ತಕ, ಒಂದು ನೋಟ್‌ಬುಕ್. ಮನೆಯಲ್ಲಿ ಅಪ್ಪನೋ ಅಮ್ಮನೋ ಪುಸ್ತಕ ಓದಿ ಹೇಳಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಬೇಕು. ಬರೆಸಿಕೊಂಡು ಬಂದವರಿಗೆ ಸೋಮವಾರ ಒಂದು ಹೊಳೆಯುವ ಸ್ಟಾರ್ ಸಿಗುತ್ತದೆ.

ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಮೆಕ್ಸಿಕೋದಿಂದ ಗಡಿ ದಾಟಿ ದುಡಿಯಲು ಬಂದವರು. ಮೆಕ್ಸಿಕೋದವರು ಅಂದಮೇಲೆ ಸ್ಪ್ಯಾನಿಷ್ ಬಂದೇ ಬರುತ್ತದೆ ಎಂದು ಶಾಲೆಯವರ ಲೆಕ್ಕ. ಯಾರೂ ಯಾರನ್ನೂ ಕೇಳಲಿಲ್ಲ.

ನೊಯೆಮಿಯ ಅಮ್ಮ ಎರ್ಮೆಲಿಂದಾ ಬಂದದ್ದು ಮೆಕ್ಸಿಕೋದ ವಹಾಕಾ ಸೀಮೆಯ ಬೆಟ್ಟದ ಮೇಲಿನ ಒಂದು ಹಳ್ಳಿಯಿಂದ. ಅಲ್ಲಿನವರ ಮಾತು ಮಿಶ್ತೆಕೊ, ಸ್ಪ್ಯಾನಿಷ್ ಅಲ್ಲ. ಸ್ಪ್ಯಾನಿಷ್‌ನಲ್ಲಿ ಅಮ್ಮನಿಗೆ ಬರುತ್ತಿದ್ದದ್ದು ಸ್ಟ್ರಾಬೆರಿ ತೋಟಕ್ಕೆ ಬೇಕಾದ ನಾಲ್ಕಾರು ಮಾತು: ಬೇಗ, ಪೆಟ್ಟಿಗೆ, ನೀರು, ನಾಳೆ, ಇಂಥವು. ಓದುವುದಂತೂ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಅವರ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲ ಅದಲ್ಲ.

ಇದನ್ನು ಟೀಚರಿಗೆ ಹೇಳಿಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಕ್ಲಾಸಿನಲ್ಲಿ ದಾಲಿಯಾ ಎಂಬ ಹುಡುಗಿ ಇದ್ದಳು. ಶಾಲೆ ಶುರುವಾದ ಮೊದಲ ವಾರ ದಾಲಿಯಾಳ ಅಮ್ಮ ಗೇಟಿನ ಹತ್ತಿರ ಅವಳನ್ನು ಮಿಶ್ತೆಕೊದಲ್ಲಿ ಕರೆದಿದ್ದೇ ತಡ, ಅದೇ ಕ್ಲಾಸಿನ ಬ್ರಿಸಾ ಮತ್ತು ಅವಳ ಗುಂಪು “ವಹಾಕೀತಾ! ವಹಾಕೀತಾ!” ಎಂದು ಹಿಂದೆ ಬಿದ್ದಿತ್ತು. ಬೆಟ್ಟದಿಂದ ಬಂದವಳು, ಕುಳ್ಳಿ, ಕಪ್ಪು, ಮಾತು ಬಾರದವಳು, ಎಲ್ಲ ಸೇರಿ ಆ ಒಂದು ಮಾತು. ಅವತ್ತಿನಿಂದ ಊಟದ ಟೇಬಲ್ಲಿನಲ್ಲಿ ದಾಲಿಯಾ ಒಬ್ಬಳೇ ಕೂರುತ್ತಾಳೆ.

ಅವತ್ತು ನೊಯೆಮಿಯೂ ನಕ್ಕಿದ್ದಳು. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಿದ್ದಳು.

ಮೊದಲನೇ ಶುಕ್ರವಾರ ಚೀಲ ಬಂದಾಗ ಅವಳು ಅದನ್ನು ಅಮ್ಮನಿಗೆ ಬಿಚ್ಚಿಯೇ ತೋರಿಸಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಸೊಟ್ಟ ಸೊಟ್ಟ ಅಕ್ಷರದಲ್ಲಿ ಎರಡು ಸಾಲು ಬರೆದಳು. ತಪ್ಪುಗಳೂ ಇದ್ದವು. ಟೀಚರಿಗೆ ಅನುಮಾನ ಬರಲಿಲ್ಲ. ಹೊಲದಲ್ಲಿ ದುಡಿಯುವ ಎಷ್ಟೋ ಅಮ್ಮಂದಿರ ಅಕ್ಷರ ಹಾಗೆಯೇ ಇರುತ್ತಿತ್ತು.

ಈಗ ಒಂಬತ್ತು ವಾರ. ಒಂಬತ್ತು ಸ್ಟಾರ್.

“ಈ ಶುಕ್ರವಾರ ಓದೋ ಕುರ್ಚೀಲಿ ಕೂರೋರು ಯಾರು ಗೊತ್ತಾ?” ಟೀಚರ್ ಹುಬ್ಬು ಹಾರಿಸಿದರು. “ನೊಯೆಮಿಯ ಅಮ್ಮ!”

ಕಿಟಕಿಯ ಪಕ್ಕದ ಆ ತೂಗುಕುರ್ಚಿಯಲ್ಲಿ ಆಗಾಗ ಯಾರದಾದರೂ ಅಪ್ಪನೋ ಅಮ್ಮನೋ ಬಂದು ಕೂತು ಇಡೀ ಕ್ಲಾಸಿಗೆ ಕತೆ ಓದುತ್ತಿದ್ದರು.

“ಅಮ್ಮಂಗೆ ಕೆಲ್ಸ ಇದೆ ಟೀಚರ್,” ನೊಯೆಮಿ ಎದ್ದು ನಿಂತಳು. “ತುಂಬಾ ಕೆಲ್ಸ. ಬರಕ್ಕಾಗಲ್ಲ.”

“ಇರು, ನಾನೇ ಫೋನ್ ಮಾಡಿ ಕೇಳ್ತೀನಿ.”

ಬುಧವಾರ ಬೆಳಿಗ್ಗೆ ಟೀಚರ್ ನಗುನಗುತ್ತ ಬಂದರು. “ನಿಮ್ಮಮ್ಮ ಎಷ್ಟು ಒಳ್ಳೇವ್ರು! ಒಂದೇ ಮಾತಿಗೆ ಒಪ್ಕೊಂಡ್ರು. ಹೌದು ಟೀಚರ್, ಹೌದು ಟೀಚರ್ ಅಂದ್ರು.”

ನೊಯೆಮಿಗೆ ಅಳು ಬಂದಂತಾಯಿತು. ಸ್ಪ್ಯಾನಿಷ್‌ನಲ್ಲಿ ಯಾರು ಏನು ಹೇಳಿದರೂ ಅಮ್ಮ “ಹೌದು, ಹೌದು” ಎನ್ನುತ್ತಿದ್ದಳು. ತೋಟದ ಮೇಸ್ತ್ರಿಗೂ ಹಾಗೆ, ಅಂಗಡಿಯವನಿಗೂ ಹಾಗೆ, ಮನೆ ಮಾಲೀಕನಿಗೂ ಹಾಗೆ. ಇಲ್ಲ ಎಂದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಹೌದು ಎಂದರೆ ಬಿಟ್ಟು ಹೋಗುತ್ತಾರೆ. ಅಮ್ಮನ ಹಳ್ಳಿಯಿಂದ ಬಂದವರೆಲ್ಲ ಹೀಗೆಯೇ.

ಅವತ್ತು ಸಂಜೆ ಅಮ್ಮ ಹಣ್ಣು ಕೀಳಲೆಂದು ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚುತ್ತ ಕೇಳಿದಳು, “ನಿನ್ನ ಟೀಚರಮ್ಮ ಫೋನ್ ಮಾಡಿದ್ರು. ಸುಕ್ರವಾರ ಅಂದ್ರು, ಒಂದು ಗಂಟೆ ಅಂದ್ರು. ಇನ್ನೇನೂ ತಿಳೀಲಿಲ್ಲ. ಏನು ಮಾಡ್ಕೊಂಡಿದೀಯವ್ವ ನೀನು? ಯಾರಿಗಾದ್ರೂ ಹೊಡ್ದ್ಯಾ?”

“ಇಲ್ಲ ಕಣವ್ವ.”

“ಮತ್ತೆ ಯಾಕೆ ಕರೀತಾವ್ರೆ?”

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಹೇಳಿದರೆ ಒಂಬತ್ತು ವಾರದ ಸುಳ್ಳನ್ನೂ ಹೇಳಬೇಕಾಗುತ್ತದೆ. ನೊಯೆಮಿ ಬಾಯಿ ತೆರೆದಳು. ಬಂದದ್ದು ಇನ್ನೊಂದು ಸುಳ್ಳು.

“ಸುಮ್ನೆ ಬಂದು ಕೂತ್ಕೋಬೇಕಂತೆ. ಅಷ್ಟೇ. ಎಲ್ರ ಅವ್ವಂದಿರೂ ಬರ್ತಾರೆ. ನಿನಗೆ ಬರಕ್ಕಾಗದಿದ್ರೆ ಬ್ಯಾಡ.”

“ಬತ್ತೀನಿ,” ಎಂದಳು ಅಮ್ಮ. “ಟೀಚರಮ್ಮ ಕರ್ದ ಮೇಲೆ ಬರ್ದೇ ಇರಕ್ಕಾದದಾ?”

ಶುಕ್ರವಾರ ನೊಯೆಮಿ ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಲೇ ಇದ್ದಳು. ಮೇಸ್ತ್ರಿ ರಜೆ ಕೊಡದಿರಲಿ. ಟೀಚರಿಗೆ ಜ್ವರ ಬರಲಿ. ಶಾಲೆಯಲ್ಲಿ ಕರೆಂಟ್ ಹೋಗಲಿ. ಯಾವುದೂ ಆಗಲಿಲ್ಲ. ಒಂದು ಗಂಟೆಗೆ ಸರಿಯಾಗಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ತೋಟದಿಂದ ನೇರ ಬಂದಿದ್ದಳು. ಮುಖ ತೊಳೆದು ತಲೆ ಬಾಚಿಕೊಂಡಿದ್ದಳು. ತೋಳಿನವರೆಗೆ ಹಣ್ಣಿನ ಕೆಂಪು ಕಲೆ ಹಾಗೇ ಇತ್ತು. ಬೇರೆ ಯಾರ ಅಮ್ಮನೂ ಬಂದಿಲ್ಲ ಎಂಬುದನ್ನು ಅವಳು ಒಂದೇ ನೋಟಕ್ಕೆ ಗಮನಿಸಿದಳು. ನೊಯೆಮಿಯ ಕಡೆ ತಿರುಗಿದಳು. ನೊಯೆಮಿ ಕಾರ್ಪೆಟ್ ನೋಡತೊಡಗಿದಳು.

“ಬನ್ನಿ ಬನ್ನಿ, ಎರ್ಮೆಲಿಂದಾ ಅವ್ರೆ!” ಟೀಚರ್ ಅವಳನ್ನು ತೂಗುಕುರ್ಚಿಯಲ್ಲಿ ಕೂರಿಸಿ ಕೈಗೆ ಪುಸ್ತಕ ಕೊಟ್ಟರು. “ಕೋಳಿಯಜ್ಜಿ ಬಸ್ಸು ಹತ್ತಿದ ಕತೆ. ಮಕ್ಕಳು ಕಾಯ್ತಾ ಇದಾರೆ. ಶುರು ಮಾಡಿ.”

“ಹೌದು, ಹೌದು,” ಎಂದಳು ಅಮ್ಮ.

ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಇಪ್ಪತ್ತನಾಲ್ಕು ಮಕ್ಕಳು ಅವಳನ್ನೇ ನೋಡಿದರು. ಅಮ್ಮ ಮೊದಲ ಪುಟ ತೆರೆದಳು. ಮತ್ತೆ ಮುಚ್ಚಿದಳು.

“ನಿಧಾನವಾಗಿ ಓದಿ, ಪರವಾಗಿಲ್ಲ,” ಎಂದರು ಟೀಚರ್.

“ಹೌದು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ಅಮ್ಮ ಮೆಲ್ಲಗೆ ಮಿಶ್ತೆಕೊದಲ್ಲಿ ಕೇಳಿದಳು, “ಮಗ, ಏನು ಮಾಡ್ಬೇಕಂತೆ ನಾನು? ಹೇಳವ್ವ.”

ಕ್ಲಾಸಿಗೆ ಕ್ಲಾಸೇ ನೊಯೆಮಿಯ ಕಡೆ ತಿರುಗಿತು. ಅವಳ ಮುಂದೆ ಕಾರ್ಪೆಟ್ಟಿನ ಮೇಲೆ ಒಂದು ಹಳದಿ ಚೌಕ, ಅದರಲ್ಲಿ ಒಂದು ನೀಲಿ ಮೀನು. ನೊಯೆಮಿ ಆ ಮೀನನ್ನೇ ನೋಡಿದಳು. ತನಗೆ ಆ ಭಾಷೆ ಬರುವುದೇ ಇಲ್ಲವೇನೋ ಎಂಬಂತೆ ಕೂತಳು.

“ಮಗ?” ಅಮ್ಮ ಇನ್ನೊಮ್ಮೆ ಕರೆದಳು.

ಮೂಲೆಯಲ್ಲಿದ್ದ ದಾಲಿಯಾ ಎದ್ದು ನಿಂತಳು. ಮಿಶ್ತೆಕೊದಲ್ಲಿಯೇ, ಎಲ್ಲರಿಗೂ ಕೇಳುವಂತೆ ಹೇಳಿದಳು, “ಚಿಕ್ಕವ್ವ, ಆ ಪುಸ್ತಕ ಓದ್ಬೇಕಂತೆ. ಗಟ್ಟಿಯಾಗಿ. ನಮಗೆಲ್ಲ.”

ಅಮ್ಮ ಕುರ್ಚಿಯಿಂದ ಎದ್ದು, ಪುಸ್ತಕವನ್ನು ಅದರ ಮೇಲೆ ನಿಧಾನವಾಗಿ ಇಟ್ಟು, ತನಗೆ ಬರುವ ಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದಳು, “ಗೊತ್ತಿಲ್ಲ ಟೀಚರ್. ತಪ್ಪಾಯ್ತು.”

“ಅಯ್ಯೋ, ಇಲ್ಲ ಇಲ್ಲ…” ಟೀಚರ್ ಮುಖ ಕೆಂಪಾಯಿತು.

“ವಹಾಕೀತಾ,” ಎಂದು ಪಿಸುಗುಟ್ಟಿದಳು ಬ್ರಿಸಾ. ಆಮೇಲೆ ಗಟ್ಟಿಯಾಗಿಯೇ ಕೇಳಿದಳು, “ಓದಕ್ಕೇ ಬರಲ್ಲ ಅಂದ್ರೆ ಆ ನೋಟ್‌ಬುಕ್ಕಲ್ಲಿ ಬರ್ದಿದ್ದು ಯಾರು ಹಾಗಾದ್ರೆ?”

“ಬ್ರಿಸಾ! ಬಾಯಿ ಮುಚ್ಚು,” ಎಂದರು ಟೀಚರ್.

ಆದರೆ ಪ್ರಶ್ನೆ ಹೊರಗೆ ಬಿದ್ದಾಗಿತ್ತು. ಟೀಚರ್ ಅಮ್ಮನನ್ನು ಬಾಗಿಲವರೆಗೆ ಕಳಿಸಲು ಹೋದರು. ಕೈಯಲ್ಲಿ ನೋಟ್‌ಬುಕ್ ಇತ್ತು. ತಗ್ಗಿದ ದನಿಯಲ್ಲಿ, ಪುಟ ತೋರಿಸಿ ಕೇಳಿದರು, “ಇದನ್ನ ನೀವೇ ಬರ್ದಿದ್ದಾ?”

ಅಮ್ಮ ಪುಟವನ್ನು ನೋಡಿದಳು. ನೊಯೆಮಿಯನ್ನು ನೋಡಿದಳು. “ಹೌದು, ಹೌದು,” ಎಂದಳು.

ಟೀಚರ್ ಮತ್ತೇನೂ ಕೇಳಲಿಲ್ಲ. ಕೋಳಿಯ ಕತೆಯನ್ನು ತಾವೇ ಓದಿದರು. ಮಕ್ಕಳು ಕಾಗದವನ್ನು ಮೂರು ಮಡಿಕೆ ಮಾಡಿ ಮೊದಲು ಏನಾಯ್ತು, ಆಮೇಲೆ ಏನಾಯ್ತು, ಕೊನೆಗೆ ಏನಾಯ್ತು ಎಂದು ಚಿತ್ರ ಬಿಡಿಸಿದರು. ನೊಯೆಮಿಯ ಕಾಗದ ಖಾಲಿ ಉಳಿಯಿತು. ಯಾರೂ ಅವಳ ಪಕ್ಕ ಕೂರಲಿಲ್ಲ. ಬೆಲ್ ಆದಾಗ ಟೀಚರ್ ಎಂದಿನಂತೆ ಚೀಲವನ್ನು ಅವಳ ಹೆಗಲಿಗೆ ಹಾಕಿದರು.

ಅಮ್ಮ ಗೇಟಿನ ಆಚೆ ಫುಟ್‌ಪಾತಿನಲ್ಲಿ ಕಾಯುತ್ತಿದ್ದಳು. ಮನೆಯ ದಾರಿಯುದ್ದಕ್ಕೂ ಅವಳು ಒಂದು ಹೆಜ್ಜೆ ಮುಂದೆಯೇ ನಡೆದಳು. ಅಮ್ಮ ಬೈದಿದ್ದರೆ ಚೆನ್ನಾಗಿತ್ತು ಎಂದು ನೊಯೆಮಿಗೆ ಅನ್ನಿಸಿತು. ಎರಡು ಬಿಟ್ಟಿದ್ದರೂ ಸರಿಯೇ.

ಅವರದು ಒಂದೇ ಕೋಣೆ. ಅಮ್ಮ ಬೂಟು ಕಳಚಿ ಮಂಚದ ಮೇಲೆ ಕೂತಳು. ಬೀನ್ಸ್ ಬಿಸಿ ಮಾಡಲು ಏಳಲಿಲ್ಲ.

“ಆ ಪುಸ್ತಕ ತಗೀ,” ಎಂದಳು. “ಟೀಚರಮ್ಮ ತೋರ್ಸಿದ್ರಲ್ಲ, ಅದು.”

ನೊಯೆಮಿ ನೋಟ್‌ಬುಕ್ ತೆಗೆದಳು.

“ನಾನು ಹೌದು ಅಂದ್ನಲ್ಲ. ಏನಕ್ಕೆ ಹೌದು ಅಂದೆ ಅಂತ ನನಗೂ ತಿಳೀಬೇಕು. ಓದು. ನಮ್ಮ ಮಾತಲ್ಲಿ ಓದು.”

ನೊಯೆಮಿ ಮೊದಲ ಪುಟದಿಂದ ಓದಿದಳು. ‘ನಾನು ಮಗಳಿಗೆ ಈ ಕತೆ ಎರಡು ಸಲ ಓದಿದೆ.’ ‘ನನಗೆ ಕರಡಿಯ ಪುಟ ಇಷ್ಟವಾಯಿತು.’ ‘ಊಟ ಆದ ಮೇಲೆ ನಾವು ದಿನಾ ಓದುತ್ತೇವೆ, ಆಮೇಲೆ ಹಾಡು ಹೇಳುತ್ತೇವೆ.’ ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಮೇಕೆಯ ಪುಟಕ್ಕೆ ಬರುವಷ್ಟರಲ್ಲಿ ಅಳುತ್ತಿದ್ದಳು.

ಅಮ್ಮ ಕೊನೆಯವರೆಗೂ ಕೇಳಿದಳು.

“ಒಳ್ಳೆ ಹೆಂಗ್ಸು,” ಎಂದಳು. “ದಿನಾ ಓದ್ತಾಳೆ, ನಗ್ತಾಳೆ, ಹಾಡು ಹೇಳ್ತಾಳೆ. ಅವಳಿಗೆ ಸೊಂಟ ನೋಯಾಕಿಲ್ವಾ?”

ನೊಯೆಮಿ ನೋಟ್‌ಬುಕ್ ಮುಚ್ಚಿದಳು.

“ಈ ವಾರದ್ದು ಬರ್ಯೋದು ಅದೆ ತಾನೆ? ಪೆನ್ಸಿಲ್ ತಗೊ. ಈ ಸಲ ನಾನು ಹೇಳ್ತೀನಿ, ನೀನು ಬರಿ.”

ನೊಯೆಮಿ ಕಣ್ಣೊರೆಸಿಕೊಂಡು ಹೊಸ ಪುಟ ತೆರೆದಳು.

“ಇವತ್ತು ನಾನು ಇಸ್ಕೂಲಿಗೆ ಬಂದಿದ್ದೆ.”

ಬರೆದಳು.

“ನನಗೆ ಓದಕ್ಕೆ ಬರಾಕಿಲ್ಲ.”

ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು. ಚೂಪು ಮಾಡಿಕೊಂಡು ಬಂದಳು.

“ಕರ್ದಾಗ ನನ್ನ ಮಗಳು ನೆಲ ನೋಡ್ತಾ ಇದ್ಲು.”

ಪೆನ್ಸಿಲ್ ನಿಂತಿತು. ಅಮ್ಮನ ದನಿಯಲ್ಲಿ ಕೋಪ ಇರಲಿಲ್ಲ. ಬಿಸಿಲು ಜಾಸ್ತಿ ಇತ್ತು, ಹಣ್ಣು ಕಮ್ಮಿ ಇತ್ತು ಎಂದು ದಿನದ ಸುದ್ದಿ ಹೇಳುವ ಹಾಗೆಯೇ ಹೇಳಿದ್ದಳು. ನಕ್ಕವರು, ಪಿಸುಗುಟ್ಟಿದವರು, ಕೆಂಪಾದ ಟೀಚರ್, ಇವರ್ಯಾರ ಸುದ್ದಿಯೂ ಅವಳ ಬಾಯಲ್ಲಿ ಬರಲಿಲ್ಲ. ಆ ಕುರ್ಚಿಯಲ್ಲಿ ಕೂತು ಅಮ್ಮ ನೋಡಿದ್ದು ಒಬ್ಬಳನ್ನೇ.

“ಇದೂ ಬರೀಬೇಕಾ ಅವ್ವ?”

“ನಡ್ದಿದ್ದಲ್ವಾ? ಬರಿ.”

ನೊಯೆಮಿ ಬರೆದಳು. ಒಂದೊಂದು ಅಕ್ಷರಕ್ಕೂ ಬಹಳ ಹೊತ್ತು ಹಿಡಿಯಿತು.

ಅಮ್ಮ ಬಗ್ಗಿ ಪುಟವನ್ನು ನೋಡಿದಳು. “ಇದ್ರಲ್ಲಿ ‘ನನ್ನ ಮಗಳು’ ಅಂತ ಎಲ್ಲದೆ?”

ನೊಯೆಮಿ ತೋರಿಸಿದಳು. ಅಮ್ಮ ಆ ಜಾಗದಲ್ಲಿ ಬೆರಳಿಟ್ಟಳು. ಅವಳ ಕಣ್ಣು ತುಂಬಿತ್ತು. ನೊಯೆಮಿಗೆ ನೋಡಲು ಕಷ್ಟವಾಗುತ್ತಿತ್ತು. ಆದರೂ ಅವಳು ಅಮ್ಮನ ಮುಖವನ್ನೇ ನೋಡುತ್ತ ಕೂತಳು.